ಕಹಿಯಿಲ್ಲದ ಮಾತ್ರೆ

೧೯೮೩ರ ನವೆಂಬರ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಕುಶಲಾ ಕಾಪು ಪೊಲೀಸ್ ಠಾಣೆಗೆ ಬಂದವಳೇ ಇನ್ಸ್‌ಪೆಕ್ಟರ್ ಕರುಣಾಕರನ ಮೇಜಿನ ಮೇಲೆ ಒಂದು ಕಂದು ಬಾಟಲಿಯನ್ನು ಕುಕ್ಕಿದಳು. ಮುಚ್ಚಳ ಹಾರಿ ನಾಲ್ಕೈದು ಬಿಳಿ ಮಾತ್ರೆಗಳು ಕಾಗದಗಳ ಮೇಲೆ ಉರುಳಿದವು.

"ನನ್ನ ಗಂಡನನ್ನು ಕೊಂದದ್ದು ಇದು. ಬರೆದುಕೊಳ್ಳಿ."

ಹೆಡ್ ಕಾನ್‌ಸ್ಟೇಬಲ್ ಬ್ಯಾಪ್ಟಿಸ್ಟ್ ಅವಳನ್ನು ಗುರುತಿಸಿದ. ಹಿಂದಿನ ತಿಂಗಳು ಕಾಪು ಕಡಲಿನ ಬಂಡೆಗಳ ನಡುವೆ ಸಿಕ್ಕಿದ ಹೆಣ ಅವಳ ಗಂಡ ಶೀನನದು. ಪೇಟೆಯಲ್ಲಿ ಟೈಲರ್ ಆಗಿದ್ದ. ಠಾಣೆಯವರು ಅಸಹಜ ಮರಣವೆಂದು ದಾಖಲಿಸಿ, ಪಂಚನಾಮೆಯಲ್ಲಿ 'ಬುದ್ಧಿಭ್ರಮಣೆಯಿಂದ ಸಮುದ್ರಕ್ಕೆ ಇಳಿದು' ಎಂದು ಬರೆದು ಕಡತ ಕಟ್ಟಿಟ್ಟಿದ್ದರು.

"ಕುಳಿತುಕೊಳ್ಳಿ ಅಮ್ಮ," ಎಂದ ಕರುಣಾಕರ.

"ಕೂರ್ಲಿಕ್ಕೆ ಬಂದದ್ದಲ್ಲ. ಆವತ್ತು ನೀವು ಎಂತ ಬರೆದದ್ದು? ಬುದ್ಧಿಭ್ರಮಣೆ. ಎಂಟು ವರ್ಷ ಸರಿ ಇದ್ದ ಮನುಷ್ಯನಿಗೆ ಒಮ್ಮೆಲೇ ಯಾಕೆ ಭ್ರಮಣೆ ಆಯಿತು ಅಂತ ಒಬ್ಬರಾದ್ರೂ ಕೇಳಿದ್ದುಂಟಾ?"

ಯಾರೂ ಕೇಳಿರಲಿಲ್ಲ. ಕರುಣಾಕರ ಎದ್ದು ತಾನೇ ಕುರ್ಚಿ ಎಳೆದುಕೊಟ್ಟ. "ಈಗ ಕೇಳ್ತೇನೆ. ಹೇಳಿ."

ಅವಳು ಹೇಳಿದಳು. ಮದುವೆಯಾದ ಎರಡನೇ ವರ್ಷ ಶೀನನಿಗೆ ಕಿವಿಯಲ್ಲಿ ಯಾರೋ ಬೈಯುವುದು ಕೇಳತೊಡಗಿತು. ದೈವಕ್ಕೆ ಹರಕೆ ಹೇಳಿದ್ದಾಯಿತು, ಮಂತ್ರವಾದಿಯ ಏಟು ತಿಂದದ್ದಾಯಿತು. ಕೊನೆಗೆ ಆಸ್ಪತ್ರೆಯ ಮಾತ್ರೆಯಲ್ಲಿ ಧ್ವನಿ ನಿಂತಿತು. ಆದರೆ ಮಾತ್ರೆಯಿಂದ ಕೈ ನಡುಗುತ್ತಿತ್ತು. ಟೈಲರನಿಗೆ ಕೈ ನಡುಗಿದರೆ ಹೇಗೆ? ಸೂಜಿಗೆ ದಾರ ಪೋಣಿಸಿಕೊಡುವುದು ಕುಶಲಾಳ ಕೆಲಸವಾಯಿತು. ಅವನು ಮಿಶನ್ ತುಳಿದ, ಅವಳು ದಾರ ಪೋಣಿಸಿದಳು. ಎಂಟು ವರ್ಷ ಹಾಗೇ ಸಂಸಾರ ನಡೆಯಿತು.

"ಮೊನ್ನೆ ಫೆಬ್ರವರಿಯಲ್ಲಿ ಪರ್ಕಳದ ಡಾಕ್ಟರರು ಸಂಶೋಧನೆ ಅಂದ್ರು. ಹೊರಗಿನ ಮಾತ್ರೆ ತೆಗೊಳ್ಬಾರದು, ಇಲ್ಲಿ ಕೊಟ್ಟದ್ದು ಮಾತ್ರ ಅಂದ್ರು. ಜುಲೈ ಕಳೆಯುವಾಗ ಇವರ ಕೈ ನಡುಕ ನಿಂತಿತು ಸರ್. ಒಂದು ದಿನ ತಾನೇ ಸೂಜಿಗೆ ದಾರ ಹಾಕಿ ನನಗೆ ತೋರಿಸಿದ್ರು. ನಾನು ಪಾಯಸ ಮಾಡಿದೆ." ಅವಳ ದನಿ ಅಲ್ಲಿ ಒಡೆಯಲಿಲ್ಲ, ಗಟ್ಟಿಯಾಯಿತು. "ಮಾತ್ರೆ ಇಲ್ಲದ್ದಕ್ಕೆ ನಡುಕ ನಿಂತದ್ದು ಅಂತ ನನಗೆಂತ ಗೊತ್ತು? ಸೆಪ್ಟೆಂಬರಿನಲ್ಲಿ ನಿದ್ರೆ ಹೋಯಿತು. ಮತ್ತೆ ಧ್ವನಿ ಬಂತು."

"ಮಾತ್ರೆಯಲ್ಲಿ ಔಷಧಿ ಇರಲಿಲ್ಲ ಎಂದು ಹೇಗೆ ಹೇಳ್ತೀರಿ?"

ಕುಶಲಾ ನೇರ ಅವನ ಮುಖ ನೋಡಿದಳು. "ಮೊದಲಿನ ಮಾತ್ರೆ ಒಮ್ಮೆ ತಲೆನೋವಿನದ್ದು ಅಂತ ತಪ್ಪಿ ಒಂದು ನುಂಗಿದ್ದೆ. ಮರುದಿನ ಮಧ್ಯಾಹ್ನದವರೆಗೆ ಎಚ್ಚರ ಇಲ್ಲ. ಇವರ ಬೊಜ್ಜ, ಉತ್ತರಕ್ರಿಯೆ ಎಲ್ಲ ಕಳೆದ ಮರುದಿನ ಇದರಿಂದ ಒಂದು ಮುಷ್ಟಿ ನುಂಗಿದೆ. ನನಗೂ ಸಾಕಾಗಿತ್ತು. ಎಂತದೂ ಆಗಲಿಲ್ಲ. ಒಂದು ಆಕಳಿಕೆ ಸಹ ಬರಲಿಲ್ಲ."

ಬ್ಯಾಪ್ಟಿಸ್ಟನ ಪೆನ್ನು ನಿಂತಿತು. ಸಾಯಲು ಯತ್ನಿಸುವುದೂ ಕಾನೂನಿನಲ್ಲಿ ಅಪರಾಧ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಬ್ಯಾಪ್ಟಿಸ್ಟರೇ," ಎಂದ ಕರುಣಾಕರ, "ಮಾತ್ರೆಯ ಬಗ್ಗೆ ಸಂಶಯ ಬಂದು ಪರೀಕ್ಷಿಸುವುದಕ್ಕೆ ನುಂಗಿದೆ ಎಂದು ಬರೆಯಿರಿ."

ಅಂದೇ ವಂಚನೆಯ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಬಾಟಲಿಯನ್ನು ಇಬ್ಬರು ಪಂಚರ ಎದುರು ಅರಗು ಹಾಕಿ ಮುದ್ರೆ ಮಾಡಿದರು.

ಪರ್ಕಳದಲ್ಲಿ ಬಾಡಿಗೆ ಕೋಣೆಗಳ ಸಾಲು ದಾಟಿದ ಮೇಲೆ 'ಮನೋದಯ' ನರ್ಸಿಂಗ್ ಹೋಂ ಇತ್ತು. ಡಾಕ್ಟರ್ ಹಯಗ್ರೀವ ನಲವತ್ತು ದಾಟಿದ, ಮೆಲುಮಾತಿನ ಮನುಷ್ಯ. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಕಾಫಿ ತರಿಸಿದ. ಕರುಣಾಕರ ಮುಟ್ಟಲಿಲ್ಲ.

"ಎಂಥ ಸಂಶೋಧನೆ ನಿಮ್ಮದು?"

"ಸ್ಕಿಜೋಫ್ರೇನಿಯಾಕ್ಕೆ ಹೊಸ ಔಷಧಿ ಒಂದು ಬಂದಿದೆ. ಅರ್ಧ ರೋಗಿಗಳಿಗೆ ಅದು, ಉಳಿದವರಿಗೆ ಮೊದಲಿನ ಔಷಧಿಯೇ. ನೋಡಲು ಎರಡೂ ಒಂದೇ ಥರ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ. ಪಕ್ಷಪಾತ ಬರಬಾರದಲ್ಲ."

"ಬಾಟಲಿಗೆ ಮಾತ್ರೆ ತುಂಬಿಸುವವರು ಯಾರು?"

"ಸಿಬ್ಬಂದಿ."

"ಯಾರು?"

ಹಯಗ್ರೀವ ಬಾಗಿಲ ಬಳಿ ನಿಂತಿದ್ದ ನರ್ಸ್ ಕಡೆಗೆ ಕಣ್ಣು ಹಾಯಿಸಿದ. "ಸಿಸ್ಟರ್ ಜೆರ್ಟ್ರೂಡ್ ನೋಡಿಕೊಳ್ಳುತ್ತಾರೆ. ಏನಾದರೂ ಹೆಚ್ಚುಕಡಿಮೆಯಾಗಿದ್ದರೆ ಅಲ್ಲೇ ಆಗಿರಬೇಕು."

ಜೆರ್ಟ್ರೂಡ್ ತಲೆ ಎತ್ತಿದಳು. ಐವತ್ತರ ಹತ್ತಿರದ ಹೆಂಗಸು. ಏನನ್ನೋ ಹೇಳಲು ಬಾಯಿ ತೆರೆದು, ಡಾಕ್ಟರನನ್ನು ನೋಡಿ, ಒಳಗೆ ಹೋಗಿಬಿಟ್ಟಳು.

"ಇನ್ಸ್‌ಪೆಕ್ಟರ್," ಎಂದ ಹಯಗ್ರೀವ, "ಇದು ಮರುಕಳಿಸುವ ಕಾಯಿಲೆ. ಸತ್ತಾಗ ಮನೆಯವರಿಗೆ ಯಾರನ್ನಾದರೂ ದೂರಬೇಕು ಅನ್ನಿಸುತ್ತದೆ. ನಮಗೆ ಅಭ್ಯಾಸವಾಗಿಹೋಗಿದೆ."

"ನನಗೆ ಆಗಿಲ್ಲ," ಎಂದು ಕರುಣಾಕರ ಎದ್ದ.

ಅದೇ ನರ್ಸಿಂಗ್ ಹೋಮಿನಲ್ಲಿ ತನ್ನ ಹಾಗೆಯೇ, ಕಾಯಿಲೆ ಹೆಚ್ಚಾಯಿತೆಂದು ಜಗಳಕ್ಕೆ ಬಂದಿದ್ದ ಒಬ್ಬರನ್ನು ಕುಶಲಾ ಕಂಡಿದ್ದಳು; ಠಾಣೆಯಲ್ಲಿ ಅದನ್ನೂ ಹೇಳಿದ್ದಳು. ಕಾರ್ಕಳದ ಪಕ್ಕದ ಕುಕ್ಕುಂದೂರಿನ ಕೃಷ್ಣರಾಜ, ಹೈಸ್ಕೂಲಿನ ಗಣಿತದ ಮೇಷ್ಟ್ರು. ಅವರ ಹೆಂಡತಿ ವೇದಾವತಿಯೂ ಅದೇ ಸಂಶೋಧನೆಯಲ್ಲಿದ್ದರು. ಮರುದಿನ ಜೀಪು ಕುಕ್ಕುಂದೂರಿಗೆ ಹೋಯಿತು.

ಕೃಷ್ಣರಾಜ ಹೊರಗೇ ಕೈಮುಗಿದು ನಿಂತರು. "ಅವಳನ್ನು ಮಾತಾಡಿಸುವುದು ಬೇಡ ಸರ್. ನಾಲ್ಕು ದಿನವಾಯಿತು, ಒಳಗೆ ಚಿಲಕ ಹಾಕಿ ಇಟ್ಟಿದ್ದೇನೆ. ನಾನೇ ಹಾಕಿದ್ದು." ಅವರು ಬಾಗಿಲ ಕಡೆಗೆ ನೋಡಿದರು. "ಅವಳೂ ಟೀಚರ್. ಆಗಸ್ಟ್ ತಿಂಗಳವರೆಗೆ ಐದನೇ ಕ್ಲಾಸಿಗೆ ಪಾಠ ಮಾಡ್ತಾ ಇದ್ದಳು."

ಒಳಗಿನಿಂದ ದನಿ ಬಂತು. "ಪೊಲೀಸರಾ? ಬರ್ಲಿ. ನಾನು ಹೇಳುವುದುಂಟು."

ಕರುಣಾಕರ ಚಿಲಕ ತೆಗೆಸಿದ. ವೇದಾವತಿ ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ಕೆಂಪಾಗಿತ್ತು, ಕೂದಲು ಬಿಚ್ಚಿತ್ತು. ಯಾರೋ ಕೇಳಿಸಿಕೊಳ್ಳುತ್ತಾರೆಂಬಂತೆ ಮೂಲೆಯ ಕಡೆಗೆ ಆಗಾಗ ನೋಡುತ್ತಿದ್ದರು. ಆದರೆ ಮಾತು ಸ್ಪಷ್ಟವಾಗಿತ್ತು.

"ಮಾತ್ರೆ ಬದಲಾಗಿದೆ ಅಂತ ನಾನು ಡಾಕ್ಟರಿಗೆ ಹೇಳಿದೆ. ಮೊದಲಿನದ್ದು ನಾಲಿಗೆಗೆ ತಾಗಿದರೆ ಕಹಿ, ವಿಷದ ಹಾಗೆ. ಆಮೇಲಿನದ್ದು ಸೀಮೆಸುಣ್ಣ. ನಾನು ಟೀಚರ್, ಸೀಮೆಸುಣ್ಣದ ರುಚಿ ನನಗೆ ಗೊತ್ತುಂಟು."

"ಅವರು ಎಂತ ಹೇಳಿದರು?"

"ನಕ್ಕರು. ಔಷಧಿಯಲ್ಲಿ ಯಾರೋ ಏನೋ ಬೆರೆಸಿದ್ದಾರೆ ಅನ್ನಿಸುವುದು ಈ ಕಾಯಿಲೆಯ ಲಕ್ಷಣ ಅಂತ ಇವರಿಗೆ ಹೇಳಿ ಕಳಿಸಿದ್ರು." ಗಂಡನ ಕಡೆಗೆ ಬೆರಳು ತೋರಿಸಿದರು. "ಇವರೂ ನಂಬಿದ್ರು. ನಾನು ನಿಜ ಹೇಳಿದ್ದಕ್ಕೆ ನನಗೆ ಹುಚ್ಚು ಹೆಚ್ಚಾಯಿತು ಅಂತ ಎಲ್ಲರೂ ಹೇಳಿದ್ರು. ಈಗ ಹೆಚ್ಚಾಗಿದೆ. ಈಗ ಹೇಳಿ, ಒಪ್ಪುತ್ತೇನೆ."

ಕೃಷ್ಣರಾಜ ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ವೇದಾವತಿ ಬೇಸಗೆ ರಜೆಯಲ್ಲಿ ತವರಿಗೆ ಹೋದಾಗ ಅಲ್ಲೇ ಮರೆತು ಬಂದಿದ್ದ ಏಪ್ರಿಲ್ ತಿಂಗಳ ಬಾಟಲಿಯೊಂದು ಆಮೇಲೆ ಮನೆ ಸೇರಿತ್ತು. ಅದನ್ನೂ ಅಕ್ಟೋಬರಿನದ್ದನ್ನೂ ಅವರು ತಂದುಕೊಟ್ಟರು. ಎರಡಕ್ಕೂ ಪಂಚನಾಮೆಯಾಯಿತು. ಹೊರಡುವಾಗ ಕರುಣಾಕರ ಕೇಳಿದ, "ಈಗ ಇವರಿಗೆ ಯಾರು ಔಷಧಿ ಕೊಡ್ತಾರೆ?"

"ಯಾರನ್ನು ನಂಬುವುದು ಸರ್?"

ಮಣಿಪಾಲದಲ್ಲಿ ಡಾಕ್ಟರ್ ಮೂಕಾಂಬಿಕಾ ಎಂಬ ಹಿರಿಯ ಮನೋವೈದ್ಯೆ ಇದ್ದರು. ನಿವೃತ್ತರಾಗಿದ್ದರೂ ಮನೆಗೆ ಬಂದ ರೋಗಿಗಳನ್ನು ನೋಡುತ್ತಿದ್ದರು. ಕರುಣಾಕರ ಅಂದೇ ಕೃಷ್ಣರಾಜ ದಂಪತಿಯನ್ನು ಜೀಪಿನಲ್ಲಿ ಅಲ್ಲಿಗೆ ಕರೆದೊಯ್ದ. ಮೂಕಾಂಬಿಕಾ ವೇದಾವತಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿ ಬಂದು, ಕೈ ಒರೆಸಿಕೊಳ್ಳುತ್ತ ಕುಳಿತರು.

"ಮೇಡಂ, ಈ ಸಂಶೋಧನೆಯೆಲ್ಲ ಜನರನ್ನು ಇಲಿ ಮಾಡುವ ಕೆಲಸವಾ?" ಎಂದ ಕರುಣಾಕರ. ಅವನಿಗೆ ಯಾರ ಮೇಲಾದರೂ ರೇಗಬೇಕಾಗಿತ್ತು.

"ಹಾಗೆ ಹೇಳಬೇಡಿ. ನಾನು ಕೆಲಸಕ್ಕೆ ಸೇರಿದಾಗ ಇಂಥವರನ್ನು ಕಂಬಕ್ಕೆ ಕಟ್ಟುತ್ತಿದ್ದರು. ಯಾರೋ ಸಂಶೋಧನೆ ಮಾಡಿದ್ದಕ್ಕೆ ಆ ಹಳೆಯ ಮಾತ್ರೆ ಬಂತು. ಶೀನ ಅಂಗಿ ಹೊಲಿದದ್ದು ಅದರಿಂದ. ಅದಕ್ಕಿಂತ ಒಳ್ಳೆಯದು ಬರಬೇಕಾದರೆ ಹೋಲಿಸಿ ನೋಡಲೇಬೇಕು." ಅವರು ಕನ್ನಡಕ ತೆಗೆದರು. "ಆದರೆ ಹಳೆಯದನ್ನು ಕೊಡುತ್ತೇನೆ ಎಂದು ಹೇಳಿ ಸುಣ್ಣ ಕೊಟ್ಟರೆ ಆ ಗುಂಪು ಕೆಡುತ್ತದೆ. ಆಗ ಹೊಸದು ತಾನಾಗಿ ಗೆದ್ದಂತೆ ಕಾಣುತ್ತದೆ. ಅದು ಸಂಶೋಧನೆ ಅಲ್ಲ ಇನ್ಸ್‌ಪೆಕ್ಟರೇ. ಓಟದಲ್ಲಿ ಪಕ್ಕದವನ ಕಾಲು ಮುರಿಯುವುದು."

ಬಾಟಲಿಗಳು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋದವು. ವರದಿ ಬಂದದ್ದು ಜನವರಿಯಲ್ಲಿ. ಏಪ್ರಿಲ್ ಬಾಟಲಿಯಲ್ಲಿ ಹಳೆಯ ಔಷಧಿ ಸರಿಯಾದ ಪ್ರಮಾಣದಲ್ಲಿತ್ತು. ವೇದಾವತಿಯ ಅಕ್ಟೋಬರ್ ಬಾಟಲಿಯಲ್ಲಿ, ಶೀನನ ಬಾಟಲಿಯಲ್ಲಿ ಇದ್ದದ್ದು ಸುಣ್ಣದ ಪುಡಿ, ಪಿಷ್ಟ, ಅಷ್ಟೇ. ಜೊತೆಗೆ ಒಂದು ಸಾಲು: ಔಷಧಿಯಿಲ್ಲದ ಎಲ್ಲ ಮಾತ್ರೆಗಳ ಮಧ್ಯದ ಗೆರೆಯ ತುದಿಯಲ್ಲಿ ಉಗುರಿನ ಗೀರಿನಂಥ ಒಂದು ಉಬ್ಬು ಇದೆ.

ವರದಿ ತೋರಿಸಿದಾಗ ಹಯಗ್ರೀವ ಹೆಚ್ಚು ಹೊತ್ತು ಯೋಚಿಸಲಿಲ್ಲ. "ಮನೆಗಳಲ್ಲಿ ಯಾರೋ ಬದಲಾಯಿಸಿರಬೇಕು."

"ಕಾಪುವಿನಲ್ಲೂ ಕುಕ್ಕುಂದೂರಿನಲ್ಲೂ, ಒಂದೇ ಅಚ್ಚಿನ ಮಾತ್ರೆಯಿಂದ?"

"ಅದನ್ನು ಕಂಡುಹಿಡಿಯುವುದು ನಿಮ್ಮ ಕೆಲಸ."

ಬ್ಯಾಪ್ಟಿಸ್ಟ್ ಕಂಡುಹಿಡಿದ. ಮಂಗಳೂರಿನ ಹೊರವಲಯದಲ್ಲಿ ಮಾತ್ರೆ ಒತ್ತುವ ಸಣ್ಣ ಕಾರ್ಖಾನೆಗಳಿಗೆ ಒಂದೊಂದಾಗಿ ಹೋಗಿ, ನಾಲ್ಕನೆಯದರಲ್ಲಿ ಆ ಗೀರಿನ ಅಚ್ಚು ಹಿಡಿದ. ಯಂತ್ರದ ಉಕ್ಕಿನ ಅಚ್ಚಿನ ತುದಿ ಚಕ್ಕೆ ಎದ್ದಿತ್ತು. ಅಲ್ಲಿಯ ಮ್ಯಾನೇಜರ್ ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

"ಪರ್ಕಳದ ಡಾಕ್ಟರರೇ ಬಂದು ಮಾಡಿಸಿದ್ದು. ಮೊದಲು ಔಷಧಿಯ ಪುಡಿ ಕೊಟ್ಟು ಒತ್ತಿಸಿದ್ರು. ಜೂನಿನಲ್ಲಿ ಬಂದು ಈ ಸಲ ಪುಡಿ ಬೇಡ, ಖಾಲಿ ಮಾತ್ರೆ ಸಾಕು ಅಂದ್ರು. ಸಂಶೋಧನೆಯಲ್ಲಿ ಅಂಥದ್ದು ಇರ್ತದಲ್ಲ ಅಂತ ನಾವು ಕೇಳ್ಲಿಕ್ಕೆ ಹೋಗಲಿಲ್ಲ ಮಾರಾಯ್ರೇ."

ಅಚ್ಚನ್ನು ಪಂಚರ ಎದುರು ಬಿಚ್ಚಿ ವಶಪಡಿಸಿಕೊಂಡರು.

ಇನ್ನೂ ಒಂದು ಬಾಕಿ ಇತ್ತು. ಮಾತ್ರೆ ಬದಲಾಯಿಸಿದ್ದು ವಂಚನೆ, ಸರಿ. ಸಾವು? ಡಿವೈಎಸ್‌ಪಿ ಫೋನಿನಲ್ಲಿ ಅದನ್ನೇ ಹೇಳಿದರು.

"ನಿರ್ಲಕ್ಷ್ಯದಿಂದ ಸಾವು ಅಂತ ಹಾಕಿ ಮುಗಿಸಿ ಕರುಣಾಕರ. ಜಾಮೀನು ಸಿಗ್ತದೆ, ಊರಲ್ಲಿ ಗದ್ದಲ ಆಗುವುದಿಲ್ಲ. ಡಾಕ್ಟರರದ್ದು ದೊಡ್ಡ ಕುಟುಂಬ. ನಿಮ್ಮ ಹತ್ತಿರ ಇರುವ ಮುಖ್ಯ ಸಾಕ್ಷಿ ಯಾರು? ಒಬ್ಬಳು ತಲೆ ಸರಿ ಇಲ್ಲದ ಹೆಂಗಸು."

"ಈ ಇಡೀ ಕೇಸಿನಲ್ಲಿ ಮೊದಲು ಸರಿಯಾಗಿ ಹೇಳಿದ್ದು ಅವರೊಬ್ಬರೇ ಸರ್," ಎಂದ ಕರುಣಾಕರ. ಫೋನು ಇಟ್ಟ.

ಜೆರ್ಟ್ರೂಡ್ ಉದ್ಯಾವರದಲ್ಲಿ ತಂಗಿಯ ಮನೆಯಲ್ಲಿದ್ದಳು. ಪೊಲೀಸರು ಬಂದ ದಿನವೇ ಕೆಲಸ ಬಿಟ್ಟಿದ್ದಳು. ಅಂಗಳದಲ್ಲಿ ಬೆಂಚು ಹಾಕಿ ಕೂರಿಸಿದಳು.

"ಬಾಟಲಿ ತುಂಬಿಸಿದ್ದು ನೀವಾ?"

"ಇಲ್ಲ. ಡಾಕ್ಟರರೇ. ಮಾತ್ರೆಯ ಕಪಾಟಿನ ಕೀಲಿಯೂ ಯಾರಿಗೆ ಯಾವ ಮಾತ್ರೆ ಎಂಬ ಪಟ್ಟಿಯೂ ಅವರ ಹತ್ತಿರ ಮಾತ್ರ. ನಿಮ್ಮೆದುರು ನನ್ನ ಹೆಸರು ಹೇಳಿದ್ರಲ್ಲ, ಇಪ್ಪತ್ತು ವರ್ಷದ ನರ್ಸ್ ನಾನು, ಅವತ್ತು ಅವರ ಮುಖಕ್ಕೆ ಉಗಿಯಬೇಕಿತ್ತು."

"ಶೀನನನ್ನು ಕೊನೆಗೆ ಕಂಡದ್ದು ಯಾವಾಗ?"

"ತೀರಿಹೋಗುವುದಕ್ಕೆ ಎರಡು ವಾರ ಮೊದಲು ಹೆಂಡತಿ ಕರೆದುಕೊಂಡು ಬಂದಿದ್ದಳು. ಕಣ್ಣು ಕೆಂಪು, ನಿದ್ರೆ ಇಲ್ಲ. ನನ್ನ ಕೈ ಹಿಡಿದು, ಸಿಸ್ಟರ್, ಅವರು ಮತ್ತೆ ಬೈತಾರೆ, ನೀರಿಗೆ ಹೋಗು ಅಂತಾರೆ ಅಂದ. ನಾನು ಇಂಜೆಕ್ಷನ್ ತುಂಬಿಸಿಯೇ ಒಳಗೆ ಹೋದೆ. ಡಾಕ್ಟರರು ಕೈ ಅಡ್ಡ ಹಿಡಿದ್ರು. ಈಗ ಕೊಟ್ಟರೆ ಸಂಶೋಧನೆಯ ಲೆಕ್ಕದಿಂದ ಹೊರಗೆ ಹೋಗ್ತಾನೆ, ತಿಂಗಳು ಮುಗಿಯಲಿ, ಆಮೇಲೆ ಕೊಡುವ ಅಂದ್ರು."

"ನೀರಿಗೆ ಹೋಗು ಎಂದದ್ದು ಡಾಕ್ಟರಿಗೆ ಗೊತ್ತಿತ್ತಾ?"

"ಅವರೆದುರೇ ಹೇಳಿದ್ದು. ಅವರು ಬರೆದುಕೊಂಡ್ರು."

ಬ್ಯಾಪ್ಟಿಸ್ಟ್ ಶಿಲುಬೆಯ ಗುರುತು ಮಾಡಿಕೊಂಡ. ಕರುಣಾಕರ ಎದ್ದು ಅಂಗಳದ ಕೊನೆಯವರೆಗೆ ನಡೆದು ಹೋದ. ತಿರುಗಿ ಬಂದ. "ಇದನ್ನು ಕೋರ್ಟಿನಲ್ಲಿ ಹೇಳ್ತೀರಾ ಸಿಸ್ಟರ್?"

"ಎಲ್ಲಿ ಬೇಕಾದ್ರೂ ಹೇಳ್ತೇನೆ. ಇಂಜೆಕ್ಷನ್ ನನ್ನ ಕೈಯಲ್ಲಿತ್ತು ಸರ್. ಅವರನ್ನು ತಳ್ಳಿ ಕೊಡಬಹುದಿತ್ತು."

ಅಂದು ಸಂಜೆ ಎಫ್‌ಐಆರ್‌ಗೆ ದಂಡಸಂಹಿತೆಯ ೩೦೪ನೇ ಕಲಮು ಸೇರಿತು. ನಿರ್ಲಕ್ಷ್ಯವಲ್ಲ. ಸಾವು ಬರಬಹುದೆಂದು ತಿಳಿದೂ ಮಾಡಿದ ಕೃತ್ಯ, ಎಂದು ಕರುಣಾಕರ ತನ್ನ ಕೈಯಲ್ಲೇ ಬರೆದ. ಡಿವೈಎಸ್‌ಪಿಯನ್ನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಉಡುಪಿಯಲ್ಲಿ ಹಯಗ್ರೀವನ ಮನೆಗೆ ಹೋದರು. ಬಾಗಿಲು ತೆಗೆದವರು ಅವನ ತಾಯಿ. ಡಾಕ್ಟರ್ ಪೂಜೆಯಲ್ಲಿದ್ದಾನೆ, ಕುಳಿತುಕೊಳ್ಳಿ ಎಂದರು. ಜಗಲಿಯಲ್ಲಿ ಒಬ್ಬ ಹೆಂಗಸು ಹೂವು ಬಿಡಿಸುತ್ತ ಕುಳಿತಿದ್ದಳು. ಅವಳ ನಾಲಿಗೆ ತಡೆಯಿಲ್ಲದೆ ಹೊರಗೆ ಬಂದು ಒಳಗೆ ಹೋಗುತ್ತಿತ್ತು. ದವಡೆ ಏನನ್ನೋ ಅಗಿಯುತ್ತಲೇ ಇತ್ತು. ಕರುಣಾಕರನನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಬನ್ನಿ" ಎಂದಳು.

"ನನ್ನ ಮಗಳು ಸುಭಾಷಿಣಿ," ಎಂದರು ತಾಯಿ. "ಹಯಗ್ರೀವನಿಗಿಂತ ದೊಡ್ಡವಳು."

ಹಯಗ್ರೀವ ಮಡಿಯಲ್ಲೇ ಹೊರಗೆ ಬಂದ. ಬ್ಯಾಪ್ಟಿಸ್ಟನನ್ನು, ಜೀಪನ್ನು ನೋಡಿದ. ಕರುಣಾಕರ ಬಂಧನದ ಕಾರಣ ಓದಿ ಹೇಳಿದ. ಹಯಗ್ರೀವ ಪೂರ್ತಿ ಕೇಳಿಸಿಕೊಂಡ.

"ಇವಳನ್ನು ನೋಡಿದಿರಲ್ಲ?" ಎಂದ ಕೊನೆಗೆ. ಮೊದಲ ಸಲ ಅವನ ದನಿ ಏರಿತು. "ಈ ಬಾಯಿಯನ್ನು ನೋಡಿದಿರಲ್ಲ? ಹಾಡುತ್ತಿದ್ದ ಬಾಯಿ ಅದು. ಆ ಹಳೆಯ ಮಾತ್ರೆ ಮಾಡಿದ್ದು. ಕೊಟ್ಟವನು ನಾನು, ಆಗಷ್ಟೇ ಓದು ಮುಗಿಸಿ ಬಂದಿದ್ದೆ. ಈ ದೇಶದಲ್ಲಿ ಇನ್ನೊಬ್ಬರಿಗೂ ಅದನ್ನು ಕೊಡಬಾರದು ಅಂತ ಹೊಸದನ್ನು ತಂದೆ. ಮೇ ತಿಂಗಳಲ್ಲಿ ನೋಡಿದರೆ ಎರಡೂ ಸಮ ಸಮ. ಸಮ ಅಂತಾದರೆ ಕಂಪನಿ ಕೈಬಿಡುತ್ತದೆ. ಮತ್ತೆ ಅದೇ ಮಾತ್ರೆ, ಇನ್ನೂ ಐವತ್ತು ವರ್ಷ."

"ಅದಕ್ಕೆ ಉಳಿದವರಿಗೆ ಸುಣ್ಣ ಕೊಟ್ಟಿರಿ."

"ಕೆಲವರಿಗೆ ಸ್ವಲ್ಪ ಕಷ್ಟವಾಗುತ್ತದೆ ಎಂದು ಗೊತ್ತಿತ್ತು. ಇಷ್ಟಾಗುತ್ತದೆಂದು..."

ಕರುಣಾಕರ ತಾಯಿಯ ಕಡೆಗೆ ತಿರುಗಿದ. "ಅಮ್ಮ, ಮಗಳಿಗೆ ಈಗ ಯಾವ ಮಾತ್ರೆ ಕೊಡ್ತಾ ಇದ್ದೀರಿ?"

"ಅದೇ, ಮೊದಲಿನದ್ದೇ," ಎಂದರು ತಾಯಿ. ಅವರಿಗೆ ಪ್ರಶ್ನೆಯ ಉದ್ದೇಶ ಅರ್ಥವಾಗಿರಲಿಲ್ಲ. "ಎರಡು ವರ್ಷದ ಹಿಂದೆ ಒಮ್ಮೆ ಇವನು ನಿಲ್ಲಿಸಿ ನೋಡಿದ. ಮೂರು ತಿಂಗಳಿಗೆ ಬಾವಿಯ ಕಟ್ಟೆ ಹತ್ತಿ ನಿಂತಳು. ಇವನೇ ಓಡಿ ಹಿಡಿದದ್ದು. ಆವತ್ತಿನಿಂದ ಒಂದು ಹೊತ್ತು ತಪ್ಪಿಸಲಿಕ್ಕೆ ಬಿಡುವುದಿಲ್ಲ. ಎಲ್ಲಿಗೆ ಹೋದರೂ ಸಂಜೆ ಬಂದು ಅವನೇ ಕೈಯಾರೆ ನುಂಗಿಸ್ತಾನೆ."

ಹಯಗ್ರೀವ ತಾಯಿಯನ್ನು ನೋಡಿದ, ಆಮೇಲೆ ನೆಲವನ್ನು.

ಕರುಣಾಕರ ಅವನ ತೀರ ಹತ್ತಿರ ಹೋಗಿ ನಿಂತ. ಹೊಡೆಯಬಹುದೆಂದು ಬ್ಯಾಪ್ಟಿಸ್ಟ್ ಒಂದು ಹೆಜ್ಜೆ ಮುಂದೆ ಬಂದ. ಕರುಣಾಕರ ಹೊಡೆಯಲಿಲ್ಲ. "ಬಟ್ಟೆ ಬದಲಾಯಿಸಿ ಬನ್ನಿ," ಎಂದ.

ಕೈಕೋಳ ಹಾಕಲಿಲ್ಲ. ಅದು ಮರ್ಯಾದೆಗಾಗಿ ಅಲ್ಲ, ಸುಭಾಷಿಣಿ ನೋಡುತ್ತಿದ್ದಳು. ಜೀಪು ಹೊರಡುವಾಗ ತಾಯಿ ಗೇಟಿನವರೆಗೆ ಬಂದರು. ಮಗ ಮಾಡಿದ್ದು ಅಷ್ಟರಲ್ಲಿ ಅವರಿಗೆ ಅರ್ಧ ತಿಳಿದಿತ್ತು. ಗೇಟಿನ ಸರಳು ಹಿಡಿದು ಕೇಳಿದರು, "ಇವಳ ಮಾತ್ರೆ ಶನಿವಾರಕ್ಕೆ ಮುಗಿಯುತ್ತದೆ. ಇನ್ನು ಯಾರ ಹತ್ತಿರ ಹೋಗಲಿ?"

ಕರುಣಾಕರನಿಗೆ ಆ ಮನೆಯ ಮೇಲೆ, ಆ ಪ್ರಶ್ನೆಯ ಮೇಲೆ, ಅದಕ್ಕೆ ಉತ್ತರ ಕೊಡಲೇಬೇಕಾದ ತನ್ನ ಮೇಲೆ ಸಿಟ್ಟು ಬಂತು. ಆದರೂ ಜೀಪಿನಿಂದ ಇಳಿದ. ಮಣಿಪಾಲದ ಡಾಕ್ಟರ್ ಮೂಕಾಂಬಿಕಾ ಅವರ ಮನೆಯ ದಾರಿಯನ್ನು ಎರಡು ಸಲ ಬಿಡಿಸಿ ಹೇಳಿ, ಶುಕ್ರವಾರವೇ ಹೋಗಿ, ಒಂದು ದಿನವೂ ತಪ್ಪಿಸಬೇಡಿ ಎಂದು, ಮತ್ತೆ ಹತ್ತಿ ಕುಳಿತ.